ತಂತಿಗೆ ಕೀಲಿಮಣೆಯ ಕಟ್ಟಳೆ

ಎಲೆಕ್ಟ್ರಿಕ್ ಗಿಟಾರಿನ ತಂತಿ ಮೀಟಿ ಸಿಂತಸೈಜರ್ ನುಡಿಸುವ ಪ್ರಯತ್ನಕ್ಕೆ ಹೆಚ್ಚುಕಡಿಮೆ ಅರ್ಧ ಶತಮಾನದ ಇತಿಹಾಸವಿದೆ. ಅದನ್ನು ಸಾಮಾನ್ಯವಾಗಿ ಒಂದು ಸೋಲಿನ ಕಥೆಯಾಗಿ ಹೇಳುವುದು ರೂಢಿ. 1970ರ ದಶಕದ ಕೊನೆಯಲ್ಲಿ ದೊಡ್ಡ ಆಸೆ ಹುಟ್ಟಿತು. ಮುಂದಿನ ದಶಕದಲ್ಲಿ ಅಮೆರಿಕ, ಜಪಾನ್, ಬ್ರಿಟನ್ನಿನ ಕಂಪನಿಗಳು ಅದರ ಮೇಲೆ ಹಣ ಸುರಿದವು. ಯಂತ್ರ ಬೆರಳಿನ ವೇಗಕ್ಕೆ ಹೊಂದಲಿಲ್ಲ. ವಾದಕರು ಬೇಸತ್ತು ತಮ್ಮ ಹಳೆಯ ಆಂಪ್ಲಿಫೈಯರಿಗೆ ಮರಳಿದರು. ಈ ಕಥೆಯಲ್ಲಿ ಅಪರಾಧಿಯ ಜಾಗದಲ್ಲಿ ನಿಲ್ಲುವುದು ಯಾವಾಗಲೂ ತಂತಿಯೇ. ತಂತಿ ಅಸ್ಥಿರ, ತಂತಿಯ ಸದ್ದು ಕಲಬೆರಕೆ, ಅದರ ಸ್ವರ ಯಾವುದೆಂದು ಪತ್ತೆ ಹಚ್ಚಲು ಯಂತ್ರಕ್ಕೆ ಹೊತ್ತು ಬೇಕು ಎಂಬ ದೂರುಗಳು ಆಗಿನಿಂದಲೂ ಇವೆ. ದೂರುಗಳೇನೋ ಸುಳ್ಳಲ್ಲ. ಆದರೆ ಆ ಯಂತ್ರಗಳನ್ನು ಅವು ಹುಟ್ಟಿದ ವರ್ಷಗಳ ಕ್ರಮದಲ್ಲಿ ಇಟ್ಟು ನೋಡಿದರೆ ಈ ಕಥೆಗೆ ಒಗ್ಗದ ಒಂದು ಸಂಗತಿ ಎದ್ದು ಕಾಣುತ್ತದೆ. 1980ರಲ್ಲಿ ಬಂದ ಗಿಟಾರ್ ಸಿಂತಸೈಜರೊಂದು ಬೆರಳಿಗೆ ತಕ್ಷಣ ಓಗೊಡುತ್ತಿತ್ತು. ಅದೇ ಕಂಪನಿ 1984ರಲ್ಲಿ ತಂದ ಹೊಸ, ಹೆಚ್ಚು ಸಾಮರ್ಥ್ಯದ ಯಂತ್ರ ತಡವರಿಸುತ್ತಿತ್ತು. ತಂತಿಯೇ ತಪ್ಪಿತಸ್ಥನಾಗಿದ್ದರೆ ಹೀಗಾಗಬಾರದಿತ್ತು. ಆ ನಾಲ್ಕು ವರ್ಷಗಳ ನಡುವೆ ಬದಲಾದದ್ದು ತಂತಿಯಲ್ಲ, ಯಂತ್ರ ತಂತಿಯನ್ನು ಕೇಳುತ್ತಿದ್ದ ಪ್ರಶ್ನೆ. ಕೀಬೋರ್ಡಿಗಾಗಿ ರೂಪಿಸಿದ ಪ್ರಶ್ನೆಯನ್ನು ಗಿಟಾರಿಗೂ ಕೇಳಿದ್ದರಿಂದಲೇ ಈ ಕಷ್ಟದ ಬಹುಪಾಲು ಹುಟ್ಟಿತು ಎಂಬುದು ನನ್ನ ವಾದ.

ಸಿಂತಸೈಜರಿಗೂ ಕೀಬೋರ್ಡಿಗೂ ಹುಟ್ಟಿನಿಂದ ಬಂದ ನಂಟೇನೂ ಇರಲಿಲ್ಲ. ವಿದ್ಯುತ್ತಿನಿಂದ ಸ್ವರ ಹೊರಡಿಸುವ ಮೊದಮೊದಲ ವಾದ್ಯಗಳಲ್ಲಿ ಪ್ರಸಿದ್ಧವಾದದ್ದು ರಷ್ಯಾದ ಲಿಯೋನ್ ಥೆರೆಮಿನ್ 1920ರ ಸುಮಾರಿಗೆ ರೂಪಿಸಿದ ಥೆರೆಮಿನ್. ಅದನ್ನು ಮುಟ್ಟದೆಯೇ, ಗಾಳಿಯಲ್ಲಿ ಕೈಯಾಡಿಸಿ ನುಡಿಸಬೇಕು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡೇ ಹೋಗಬೇಕು. 1928ರಲ್ಲಿ ಫ್ರಾನ್ಸಿನ ಮೋರಿಸ್ ಮಾರ್ಟೆನೋ ತೋರಿಸಿದ ವಾದ್ಯದಲ್ಲಿ ಬೆರಳಿಗೆ ಉಂಗುರ ಹಾಕಿಕೊಂಡು ಪಟ್ಟಿಯೊಂದರ ಉದ್ದಕ್ಕೂ ಎಳೆದು ಸ್ವರ ಹೊರಡಿಸುತ್ತಿದ್ದರು. ಹೀಗಿದ್ದದ್ದು ತಿರುಗಿದ್ದು 1960ರ ದಶಕದಲ್ಲಿ. 1964ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಬರ್ಟ್ ಮೂಗ್ ತಮ್ಮ ಸಿಂತಸೈಜರನ್ನು ರೂಪಿಸುತ್ತಿದ್ದಾಗ, ಅದಕ್ಕೆ ಕೀಬೋರ್ಡ್ ಬೇಕೋ ಬೇಡವೋ ಎಂಬ ಪ್ರಶ್ನೆ ನಿಜವಾಗಿಯೂ ತೆರೆದೇ ಇತ್ತು. ಜೊತೆಗಿದ್ದ ಸಂಗೀತಗಾರ ಹರ್ಬರ್ಟ್ ಡಾಯ್ಚ್ ಬೇಕೆಂದರು. ಹಿರಿಯ ಸಂಯೋಜಕ ವ್ಲಾದಿಮೀರ್ ಉಸಾಚೆವ್‌ಸ್ಕಿ ಬೇಡವೆಂದರು. ಅದೇ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೋ ಕಡೆಯಲ್ಲಿ ಡಾನ್ ಬುಕ್ಲಾ ಕಪ್ಪು-ಬಿಳಿ ಕೀಲಿಗಳನ್ನು ಬೇಕೆಂದೇ ದೂರವಿಟ್ಟು, ಬೆರಳಿನ ಸ್ಪರ್ಶಕ್ಕೆ ಸ್ಪಂದಿಸುವ ಲೋಹದ ಫಲಕಗಳನ್ನು ಕೂರಿಸಿದರು. ಹೊಸ ಧ್ವನಿಗೆ ಹಳೆಯ ಕೀಲಿ ಜೋಡಿಸಿದರೆ ಕೈ ಹಳೆಯ ಸಂಗೀತವನ್ನೇ ನುಡಿಸುತ್ತದೆ ಎಂಬುದು ಅವರ ಅಳುಕು. 1968ರಲ್ಲಿ ವೆಂಡಿ ಕಾರ್ಲೋಸ್ ಮೂಗ್ ಯಂತ್ರದಲ್ಲಿ ಬಾಖ್‌ನ ಕೃತಿಗಳನ್ನು ನುಡಿಸಿದ ‘ಸ್ವಿಚ್ಡ್-ಆನ್ ಬಾಖ್’ ಧ್ವನಿಮುದ್ರಿಕೆ ಲಕ್ಷಗಟ್ಟಲೆ ಮಾರಾಟವಾಯಿತು, ಜನರ ಮಟ್ಟಿಗೆ ಚರ್ಚೆ ಅಲ್ಲಿಗೆ ಮುಗಿಯಿತು. ಸಿಂತಸೈಜರ್ ಅಂದರೆ ಕೀಬೋರ್ಡ್ ಎಂದಾಯಿತು. ಕೀಲಿ ಒತ್ತಿದರೆ ಸ್ವರ ಆರಂಭ, ಬಿಟ್ಟರೆ ಅಂತ್ಯ. ಯಾವ ಕೀಲಿ ಎಂಬುದರಿಂದಲೇ ಯಾವ ಸ್ವರ ಎಂಬುದು ತೀರ್ಮಾನ. ಇಷ್ಟು ಸರಳವಾದ ಕರಾರಿನ ಮೇಲೆ ಯಂತ್ರದ ಒಳಗಿನ ಸರ್ಕ್ಯೂಟುಗಳೆಲ್ಲ ಕಟ್ಟಿಕೊಂಡವು.

ಗಿಟಾರಿನಲ್ಲಿ ಅಂಥ ಕರಾರು ಇಲ್ಲ. ಉಕ್ಕಿನ ತಂತಿಯ ಕೆಳಗೆ ಒಂದು ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತುಗಳು. ಇದೇ ಪಿಕಪ್. ತಂತಿ ಅದುರಿದಂತೆ ಅಯಸ್ಕಾಂತದ ಕ್ಷೇತ್ರ ಅಲುಗಾಡಿ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಈ ವಿದ್ಯುತ್ತಿನಲ್ಲಿ ‘ಇದು ಇಂಥ ಸ್ವರ’ ಎಂಬ ಚೀಟಿ ಎಲ್ಲೂ ಅಂಟಿರುವುದಿಲ್ಲ. ಇರುವುದು ಏರಿಳಿಯುವ ಅಲೆ ಮಾತ್ರ. ಆ ಅಲೆ ಒಂದು ಸುತ್ತು ಮುಗಿಸಲು ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ಅಳೆದರೆ ಸ್ವರ ತಿಳಿಯುತ್ತದೆ. ಗಿಟಾರಿನ ಅತಿ ದಪ್ಪ ತಂತಿಯನ್ನು ಬಿಟ್ಟ ತಂತಿಯಾಗಿ ಮೀಟಿದರೆ ಅದು ಸೆಕೆಂಡಿಗೆ ಸುಮಾರು 82 ಸಲ ಅದುರುತ್ತದೆ. ಒಂದು ಸುತ್ತಿಗೆ 12 ಮಿಲಿಸೆಕೆಂಡ್. ಅತಿ ತೆಳು ತಂತಿ ಸುಮಾರು 330 ಸಲ ಅದುರುತ್ತದೆ. ಒಂದು ಸುತ್ತಿಗೆ 3 ಮಿಲಿಸೆಕೆಂಡ್. ಮೀಟಿದ ಮೊದಲ ಗಳಿಗೆಯಲ್ಲಿ ಪ್ಲೆಕ್ಟ್ರಮ್ ತಂತಿಗೆ ಉಜ್ಜಿದ ಸದ್ದೇ ಹೆಚ್ಚು, ಅಲೆ ಇನ್ನೂ ಒಂದು ಆಕಾರಕ್ಕೆ ಬಂದಿರುವುದಿಲ್ಲ. ಜೊತೆಗೆ ಮೇಲಿನ ಸ್ಥಾಯಿಯ ಅನುಸ್ವರಗಳು ಮೂಲ ಸ್ವರಕ್ಕಿಂತ ಜೋರಾಗಿ ಕೇಳಿ ಯಂತ್ರದ ದಾರಿ ತಪ್ಪಿಸುತ್ತವೆ. ಖಚಿತವಾಗಿ ಹೇಳಬೇಕಾದರೆ ಎರಡು ಸುತ್ತಾದರೂ ಕಾಯುವುದು ಕ್ಷೇಮ. ಅಂದರೆ ದಪ್ಪ ತಂತಿಯಲ್ಲಿ 24 ಮಿಲಿಸೆಕೆಂಡ್, ತೆಳು ತಂತಿಯಲ್ಲಿ 6. ಆರೂ ತಂತಿಗಳ ಅಲೆ ಒಂದೇ ಸುರುಳಿಯಲ್ಲಿ ಬೆರೆತರೆ ಅಂದಿನ ಯಂತ್ರಕ್ಕೆ ಲೆಕ್ಕ ಸಿಗುತ್ತಲೇ ಇರಲಿಲ್ಲ. ಅದಕ್ಕೇ ಬ್ರಿಡ್ಜಿನ ಪಕ್ಕದಲ್ಲಿ ತಂತಿಗೊಂದರಂತೆ ಆರು ಪುಟ್ಟ ಪಿಕಪ್‌ಗಳ ಸಾಲನ್ನು ಕೂರಿಸುವ ಪದ್ಧತಿ ಬಂತು. ಇವತ್ತಿಗೂ ಗಿಟಾರ್ ಸಿಂತಸೈಜರಿನ ಬಹುಪಾಲು ಈ ಷಟ್-ಪಿಕಪ್‌ನ ಮೇಲೇ ನಿಂತಿದೆ.

ಈ ತೊಡಕನ್ನು ದಾಟಲು ಆರಂಭದಲ್ಲೇ ಎರಡು ದಾರಿಗಳು ಕಂಡಿದ್ದವು. ಒಂದು, ತಂತಿಯ ಅಲೆಯನ್ನು ಕೇಳುವ ಗೋಜಿಗೇ ಹೋಗದೆ ಬೆರಳು ಯಾವ ಫ್ರೆಟ್ಟಿನ, ಅಂದರೆ ಕುತ್ತಿಗೆಯ ಮೇಲಿನ ಲೋಹದ ಮೆಟ್ಟಿಲಿನ, ಮೇಲಿದೆ ಎಂದು ನೋಡುವುದು. 1960ರ ದಶಕದ ನಡುವಿನಲ್ಲಿ ಬ್ರಿಟನ್ನಿನ ವಾಕ್ಸ್ ಕಂಪನಿ ತಂದ ಗಿಟಾರ್ ಆರ್ಗನ್ ಈ ಬಗೆಯದು. ಅದರ ಒಂದೊಂದು ಫ್ರೆಟ್ಟೂ ಆರು ತುಂಡು. ತಂತಿಯನ್ನು ಒತ್ತಿ ಫ್ರೆಟ್ಟಿಗೆ ತಾಗಿಸಿದರೆ ವಿದ್ಯುತ್ ಮಂಡಲ ಕೂಡಿಕೊಂಡು ಆರ್ಗನ್ನಿನ ಸ್ವರ ಹೊರಡುತ್ತಿತ್ತು. ಅಂದರೆ ಫ್ರೆಟ್ಟುಗಳೇ ಕೀಲಿಗಳಾದವು. ತಂತಿಯನ್ನು ಪಕ್ಕಕ್ಕೆ ಎಷ್ಟು ಎಳೆದರೂ ಆರ್ಗನ್ನಿನ ಸ್ವರ ಕದಲುವಂತಿರಲಿಲ್ಲ. ಎರಡನೆಯ ದಾರಿ, ತಂತಿಯ ಅಲೆಯನ್ನೇ ಅಳೆದು ಅದನ್ನು ಸಿಂತಸೈಜರಿಗೆ ಬೇಕಾದ ವೋಲ್ಟೇಜಾಗಿ ಬದಲಿಸುವುದು. ಅಮೆರಿಕದ ಎಆರ್‌ಪಿ ಕಂಪನಿ 1977ರಲ್ಲಿ ತಂದ ಅವತಾರ್ ಈ ದಾರಿ ಹಿಡಿಯಿತು. ತನ್ನ ಜನಪ್ರಿಯ ಒಡಿಸ್ಸಿ ಸಿಂತಸೈಜರಿನಿಂದ ಕೀಬೋರ್ಡನ್ನು ತೆಗೆದು ಆ ಜಾಗಕ್ಕೆ ಗಿಟಾರನ್ನು ತಂದದ್ದೇ ಅವತಾರ್ ಎನ್ನಬಹುದು. ಅದರ ಸಿಂತಸೈಜರ್ ಭಾಗ ಒಮ್ಮೆಗೆ ಒಂದೇ ಸ್ವರ ನುಡಿಸುತ್ತಿತ್ತು, ಬೆರಳು ಸ್ವಲ್ಪ ಅಡ್ಡಾದಿಡ್ಡಿಯಾದರೂ ಸ್ವರ ಜಿಗಿದುಬಿಡುತ್ತಿತ್ತು. ಕಂಪನಿ ಅದರ ಮೇಲೆ ಹೂಡಿದ ಬಂಡವಾಳ ಹಿಂದಿರುಗಲಿಲ್ಲ. 1981ರಲ್ಲಿ ಎಆರ್‌ಪಿ ಬಾಗಿಲು ಹಾಕಿದ್ದಕ್ಕೆ ಹೇಳುವ ಕಾರಣಗಳಲ್ಲಿ ಅವತಾರ್ ಕೂಡ ಒಂದು. ಕೀಬೋರ್ಡಿಗಾಗಿ ಮಾಡಿದ ಯಂತ್ರದಿಂದ ಕೀಬೋರ್ಡನ್ನು ಕಿತ್ತರೆ ಉಳಿಯುವುದು ಕೀಬೋರ್ಡ್ ಕಿತ್ತ ಯಂತ್ರವೇ ಎಂಬುದನ್ನು ಉದ್ಯಮ ಅಲ್ಲಿಯೇ ಕಲಿಯಬಹುದಿತ್ತು.

ಅದೇ 1977ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಜಿಆರ್-500 ಎಂಬ ಯಂತ್ರ ತಂದಿತ್ತು. ಇಕುತಾರೊ ಕಕೆಹಾಶಿ 1972ರಲ್ಲಿ ಒಸಾಕಾದಲ್ಲಿ ಕಟ್ಟಿದ ಕಂಪನಿ ಇದು. ಆದರೆ ನನ್ನ ವಾದಕ್ಕೆ ಮುಖ್ಯ ಸಾಕ್ಷಿ 1980ರ ಜಿಆರ್-300. ನೆಲದ ಮೇಲಿಟ್ಟು ಕಾಲಿನಿಂದ ಒತ್ತುವ ನೀಲಿ ಪೆಟ್ಟಿಗೆ. ಅದಕ್ಕೆಂದೇ ಮಾಡಿದ ಗಿಟಾರಿನಿಂದ 24 ಪಿನ್ನುಗಳ ದಪ್ಪ ಕೇಬಲ್. ಒಂದೊಂದು ತಂತಿಗೂ ಎರಡೆರಡು ಧ್ವನಿಜನಕಗಳು, ಎಲ್ಲಕ್ಕೂ ಸೇರಿ ಒಂದೇ ಫಿಲ್ಟರ್. ಧ್ವನಿಗಳ ವೈವಿಧ್ಯ ತೀರಾ ಕಡಿಮೆ. ಪಿಯಾನೋ ಇಲ್ಲ, ಕೊಳಲಿಲ್ಲ, ನೆನಪಿನಲ್ಲಿ ಉಳಿಸಿಕೊಳ್ಳುವ ವ್ಯವಸ್ಥೆಯೂ ಇಲ್ಲ. ಆದರೆ ಅದು ತಂತಿಯ ಅದುರನ್ನು ಸ್ವರದ ಹೆಸರಾಗಿ ಪರಿವರ್ತಿಸಲು ಹೋಗುತ್ತಿರಲಿಲ್ಲ. ತಂತಿಯ ಒಂದೊಂದು ಸುತ್ತನ್ನೂ ಬೆನ್ನಟ್ಟಿ ತನ್ನ ಗರಗಸದಾಕಾರದ ಅಲೆಯನ್ನು ಅದರ ಜೊತೆಗೇ ಓಡಿಸುತ್ತಿತ್ತು. ತಂತಿಯನ್ನು ಎಳೆದರೆ ಆ ಅಲೆಯೂ ಏರಿತು, ಸಡಿಲಿಸಿದರೆ ಇಳಿಯಿತು. ಮೆಲ್ಲಗೆ ಮೀಟಿದರೆ ಮೆಲ್ಲಗೆ ಬಂತು, ತಂತಿಯ ಸದ್ದು ಆರುತ್ತಿದ್ದಂತೆ ಅದೂ ಆರಿತು. ಆ ತಂತಿ ಯಾವ ಸ್ವರದಲ್ಲಿದೆ ಎಂಬುದು ಯಂತ್ರಕ್ಕೆ ಯಾವತ್ತೂ ತಿಳಿಯಲಿಲ್ಲ. ತಿಳಿಯಬೇಕಾದ ಅಗತ್ಯವೂ ಬೀಳಲಿಲ್ಲ. ಗಿಟಾರ್ ವಾದಕ ಪ್ಯಾಟ್ ಮೆಥೆನಿಯ 1982ರ ‘ಆಫ್‌ರ‍್ಯಾಂಪ್’ ಧ್ವನಿಮುದ್ರಿಕೆಯಲ್ಲಿ ‘ಆರ್ ಯು ಗೋಯಿಂಗ್ ವಿತ್ ಮಿ?’ ಎಂಬ ರಚನೆಯ ಒಂಟಿ ವಾದನವನ್ನು ಕೇಳಿದವರಿಗೆ ಇದರ ಅರ್ಥ ವಿವರಿಸಬೇಕಿಲ್ಲ. ಧ್ವನಿ ಟ್ರಂಪೆಟ್ಟಿಗೆ ಹತ್ತಿರ, ನಡೆ ಗಿಟಾರಿನದು. ಸ್ವರದಿಂದ ಸ್ವರಕ್ಕೆ ಹೋಗುವಾಗಿನ ಜಾರು, ಹಿಡಿದ ಸ್ವರದ ಮೇಲಿನ ಸಣ್ಣ ನಡುಕ, ಬೆರಳಿನ ಒತ್ತಡದ ಏರುಪೇರು ಎಲ್ಲವೂ ಹಾಗೇ ಉಳಿದಿವೆ. ಕಿಂಗ್ ಕ್ರಿಮ್ಸನ್ ತಂಡದ ರಾಬರ್ಟ್ ಫ್ರಿಪ್ ಮತ್ತು ಏಡ್ರಿಯನ್ ಬೆಲ್ಯು, ದ ಪೊಲೀಸ್ ತಂಡದ ಆಂಡಿ ಸಮ್ಮರ್ಸ್ ಕೂಡ ರೋಲ್ಯಾಂಡಿನ ಆ ಕಾಲದ ಯಂತ್ರಗಳನ್ನು ಬಳಸಿದರು. ಮೆಥೆನಿಯಂತೂ ಆ ಧ್ವನಿಯನ್ನು ದಶಕಗಳ ಕಾಲ ಬಿಡಲಿಲ್ಲ.

ಜಿಆರ್-300 ಬಂದ ಮೂರೇ ವರ್ಷಗಳಲ್ಲಿ ಮಿಡಿ ಬಂತು. ಬೇರೆ ಬೇರೆ ಕಂಪನಿಗಳ ಸಿಂತಸೈಜರುಗಳು ಒಂದಕ್ಕೊಂದು ಮಾತಾಡಬೇಕು ಎಂಬ ಆಸೆಯಿಂದ ಹುಟ್ಟಿದ ಒಪ್ಪಂದ ಅದು. ಸೀಕ್ವೆನ್ಷಿಯಲ್ ಕಂಪನಿಯ ಡೇವ್ ಸ್ಮಿತ್ ಮತ್ತು ರೋಲ್ಯಾಂಡಿನ ಕಕೆಹಾಶಿ ಅದಕ್ಕೆ ಮುಖ್ಯ ಕಾರಣರು; ಯಮಹಾ, ಕೋರ್ಗ್, ಕವಾಯಿ ಕಂಪನಿಗಳು ಕೈಜೋಡಿಸಿದವು. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಎಂಬ ವಾದ್ಯೋದ್ಯಮದ ಮೇಳದಲ್ಲಿ ಎರಡು ಕಂಪನಿಗಳ ಕೀಬೋರ್ಡುಗಳನ್ನು ಕೇಬಲ್ಲಿನಿಂದ ಜೋಡಿಸಿ ಒಂದನ್ನು ನುಡಿಸಿದಾಗ ಇನ್ನೊಂದು ಸದ್ದು ಮಾಡಿತು. ಸಂಗೀತ ತಂತ್ರಜ್ಞಾನದಲ್ಲಿ ಇದಕ್ಕಿಂತ ಉದಾರವಾದ ಒಪ್ಪಂದ ಇನ್ನೊಂದಿಲ್ಲ. ಯಾವ ಕಂಪನಿಯೂ ಅದಕ್ಕೆ ಪರವಾನಗಿ ಶುಲ್ಕ ಕೇಳಲಿಲ್ಲ. ಅದರ ಉಪಕಾರವನ್ನು ಮರೆಯದೆಯೇ ಒಂದು ಮಾತು ಹೇಳಬೇಕು: ಮಿಡಿ ಕೀಬೋರ್ಡಿನ ಕರಾರನ್ನು ಜಗತ್ತಿಗೆಲ್ಲ ಕಾನೂನಾಗಿಸಿತು. ಮಿಡಿಯಲ್ಲಿ ಸ್ವರ ಆರಂಭವಾಯಿತು ಎಂದು ತಿಳಿಸುವ ಸಂದೇಶಕ್ಕೆ ಮೂರು ಬೈಟುಗಳು: ಯಾವ ಚಾನೆಲ್, 0ಯಿಂದ 127ರೊಳಗೆ ಯಾವ ಸಂಖ್ಯೆಯ ಸ್ವರ, ಎಷ್ಟು ಜೋರು. ವಿಳಾಸ ಬರೆಯದ ಕಾಗದವನ್ನು ಅಂಚೆಯವರು ಒಯ್ಯದಂತೆ, ಸಂಖ್ಯೆ ಇಲ್ಲದ ಸ್ವರವನ್ನು ಮಿಡಿ ಒಯ್ಯುವುದಿಲ್ಲ. ಕೀಬೋರ್ಡಿನಲ್ಲಿ ಕೀಲಿ ತಗ್ಗಿದ ಕ್ಷಣದಲ್ಲೇ ಆ ಸಂಖ್ಯೆ ಗೊತ್ತು. ತಂತಿಯಲ್ಲಿ ಸದ್ದು ಮೊದಲು, ಸಂಖ್ಯೆ ಆಮೇಲೆ. ಮಿಡಿ ಆ ಕ್ರಮವನ್ನು ತಿರುಗಿಸಿ, ಸಂಖ್ಯೆ ಹೇಳಿದ ಮೇಲೆಯೇ ಸದ್ದು ಮಾಡು ಎಂದಿತು. ಮೊದಲು ಹೇಳಿದ 24 ಮಿಲಿಸೆಕೆಂಡುಗಳ ಕಾಯುವಿಕೆ ಕಿವಿಗೆ ಬೀಳತೊಡಗಿದ್ದು ಇಲ್ಲಿ.

ತೊಡಕು ಅಷ್ಟಕ್ಕೇ ನಿಲ್ಲಲಿಲ್ಲ. ಮಿಡಿ ಕೇಬಲ್ಲಿನಲ್ಲಿ ಸೆಕೆಂಡಿಗೆ 31,250 ಬಿಟ್‌ಗಳು ಸಾಗುತ್ತವೆ. ಪ್ರತಿ ಬೈಟಿಗೂ 10 ಬಿಟ್ ಹಿಡಿಯುವುದರಿಂದ ಒಂದು ಸ್ವರದ ಸಂದೇಶಕ್ಕೆ ಸುಮಾರು 1 ಮಿಲಿಸೆಕೆಂಡ್. ಆರೂ ತಂತಿಗಳನ್ನು ಒಟ್ಟಿಗೆ ಬಾರಿಸಿದರೆ ಕೊನೆಯ ತಂತಿಯ ಸುದ್ದಿ ತಲುಪುವಷ್ಟರಲ್ಲಿ ಇನ್ನೂ 6 ಮಿಲಿಸೆಕೆಂಡ್ ಕಳೆದಿರುತ್ತದೆ. ಸ್ವರವನ್ನು ಎಳೆಯುವುದಕ್ಕೆ ಮಿಡಿಯಲ್ಲಿ ಬೇರೆಯೇ ಸಂದೇಶವಿದೆ. ಆದರೆ ಅದು ಇಡೀ ಚಾನೆಲ್ಲಿಗೆ ಅನ್ವಯ. ಕೀಬೋರ್ಡಿನ ಪಕ್ಕದ ಚಕ್ರವನ್ನು ತಿರುಗಿಸಿದರೆ ಹಿಡಿದ ಸ್ವರಗಳೆಲ್ಲ ಒಟ್ಟಿಗೆ ಏರುವುದು ಸಹಜವೇ. ಗಿಟಾರಿನಲ್ಲಿ ಒಂದು ತಂತಿಯನ್ನು ಎಳೆದು ಪಕ್ಕದ ತಂತಿಯನ್ನು ಸ್ಥಿರವಾಗಿಡುವುದು ದಿನನಿತ್ಯದ ಕೈಚಳಕ. ಅದನ್ನು ಸಾಗಿಸಲು ಮಿಡಿಯ 16 ಚಾನೆಲ್ಲುಗಳಲ್ಲಿ ಆರನ್ನು, ತಂತಿಗೊಂದರಂತೆ, ಮೀಸಲಿಡಬೇಕಾಯಿತು. ಆ ವಿಧಾನಕ್ಕೆ ಒಪ್ಪುವ ಸಿಂತಸೈಜರುಗಳು ಕೆಲವೇ. ಉಳಿದವುಗಳಿಗೆ ಜೋಡಿಸಿದ ಗಿಟಾರ್ ವಾದಕ ತನ್ನ ಎಳೆತವನ್ನು ಬಿಟ್ಟುಕೊಟ್ಟು, ಅರ್ಧ ಸ್ವರಗಳ ಮೆಟ್ಟಿಲಿನ ಮೇಲೆ ಮಾತ್ರ ನಡೆಯಬೇಕಾಯಿತು. 1984ರ ರೋಲ್ಯಾಂಡ್ ಜಿಆರ್-700 ಈ ಹೊಸ ಕಾಲದ ಯಂತ್ರ. ಕಂಪನಿಯ ಜೆಎಕ್ಸ್-3ಪಿ ಕೀಬೋರ್ಡಿನ ಧ್ವನಿವ್ಯವಸ್ಥೆ ಅದರೊಳಗಿತ್ತು. ಧ್ವನಿಗಳನ್ನು ನೆನಪಿಟ್ಟುಕೊಳ್ಳುತ್ತಿತ್ತು, ಮಿಡಿ ಹೊರಗೆ ಕಳಿಸುತ್ತಿತ್ತು. ಅದರ ಜೊತೆಗಿದ್ದ ಜಿ-707 ಗಿಟಾರಿಗೆ ತಲೆಯಿಂದ ಮೈವರೆಗೆ ಒಂದು ಅಡ್ಡಪಟ್ಟಿ ಕೂಡ ಇತ್ತು. ಕುತ್ತಿಗೆಯ ಅದುರನ್ನು ತಗ್ಗಿಸಿ ಸ್ವರ ಪತ್ತೆಯನ್ನು ಸುಲಭವಾಗಿಸುವುದು ಅದರ ಉದ್ದೇಶ. ಯಂತ್ರಕ್ಕೆ ತಂತಿ ಅರ್ಥವಾಗದಿದ್ದಾಗ ತಿದ್ದಿದ್ದು ಗಿಟಾರನ್ನು. ವಾದಕರಿಗೂ ಅದೇ ಬುದ್ಧಿವಾದ: ತಂತಿಯನ್ನು ಸ್ವಚ್ಛವಾಗಿ ಮೀಟಿ, ಬೆರಳು ಉಜ್ಜಬೇಡಿ, ಪಕ್ಕದ ತಂತಿ ಅದುರದಂತೆ ಅಂಗೈ ಇಡಿ.

ಈ ತಿದ್ದುವಿಕೆ ತುದಿ ಮುಟ್ಟಿದ್ದು 80ರ ದಶಕದ ನಡುವಿನಲ್ಲಿ ಬ್ರಿಟನ್ನಿನಲ್ಲಿ ಬಂದ ಸಿಂತ್‌ಆಕ್ಸ್ ವಾದ್ಯದಲ್ಲಿ. ಅದಕ್ಕೆ ಎರಡು ಜೊತೆ ತಂತಿಗಳು. ಕುತ್ತಿಗೆಯ ಮೇಲಿನವು ಎಡಗೈ ಎಲ್ಲಿದೆ ಎಂದು ತಿಳಿಸಲು; ಮೈಮೇಲಿನ ಗಿಡ್ಡ ತಂತಿಗಳು ಬಲಗೈ ಯಾವಾಗ ಮೀಟಿತು ಎಂದು ತಿಳಿಸಲು. ಬೆರಳು ಫ್ರೆಟ್ಟಿಗೆ ತಾಗಿದ್ದು ವಿದ್ಯುತ್ ಸಂಪರ್ಕದಿಂದಲೇ ಗೊತ್ತಾಗುವುದರಿಂದ ಅಲೆಯನ್ನು ಅಳೆಯುತ್ತ ಕಾಯಬೇಕಿಲ್ಲ. ತಂತಿಯನ್ನು ಪಕ್ಕಕ್ಕೆ ಎಳೆದದ್ದನ್ನೂ ಅದು ಬೇರೆಯಾಗಿ ಗುರುತಿಸುತ್ತಿತ್ತು, ಮೈಮೇಲೆ ಪಿಯಾನೋ ಮಾದರಿಯ ಕೀಲಿಗಳೂ ಇದ್ದವು. ವಾಕ್ಸ್ ಗಿಟಾರ್ ಆರ್ಗನ್ನಿನ ಹಳೆಯ ಉಪಾಯವನ್ನೇ ಇಪ್ಪತ್ತು ವರ್ಷಗಳ ನಂತರ ಅತ್ಯಂತ ಎಚ್ಚರದಿಂದ, ಅತ್ಯಂತ ದುಬಾರಿಯಾಗಿ ಮಾಡಿದ ವಾದ್ಯ ಅದು. ನೂರಕ್ಕಿಂತ ಕಡಿಮೆ ತಯಾರಾದವು. ಯಮಹಾ 1988ರಲ್ಲಿ ಜಿ10 ತಂದಿತು. ಅದರ ತಂತಿಗಳೆಲ್ಲ ಒಂದೇ ದಪ್ಪದವು, ಶ್ರುತಿ ಮಾಡಬೇಕಾದ್ದೇ ಇಲ್ಲ. ತಂತಿಯೊಳಗೆ ಕಿವಿಗೆ ಕೇಳದ ಅತಿಧ್ವನಿ ತರಂಗ ಕಳಿಸಿ, ಅದು ಫ್ರೆಟ್ಟಿಗೆ ಬಡಿದು ಮರಳುವ ಹೊತ್ತಿನಿಂದ ಬೆರಳಿನ ಜಾಗ ತಿಳಿಯುತ್ತಿತ್ತು. ಕ್ಯಾಸಿಯೊ ಕಂಪನಿಯ ಡಿಜಿ-20ರಲ್ಲಿ ಪ್ಲಾಸ್ಟಿಕ್ ತಂತಿಗಳೇ ಇದ್ದವು. ತಂತ್ರಜ್ಞಾನವಾಗಿ ಇವು ಜಾಣ್ಮೆಯ ಕೆಲಸಗಳು, ಅದರಲ್ಲಿ ಅನುಮಾನವಿಲ್ಲ. ತಡವಾಗುತ್ತದೆ ಎಂಬ ದೂರಿಗೆ ನೇರ ಉತ್ತರವನ್ನೂ ಕೊಟ್ಟವು. ಆದರೂ ಗಿಟಾರ್ ವಾದಕರು ಅವುಗಳತ್ತ ಬರಲಿಲ್ಲ. ನನ್ನ ವಾದಕ್ಕೆ ಇದು ಬಲವಾದ ಪುರಾವೆ. ತಡವಾಗುವುದೊಂದೇ ತೊಂದರೆಯಾಗಿದ್ದರೆ ತಡ ಕಳೆದ ಮೇಲೆ ಜನ ಬರಬೇಕಿತ್ತು. ಈ ವಾದ್ಯಗಳಲ್ಲಿ ತಂತಿ ತಾನಾಗಿ ಹಾಡುವುದನ್ನೇ ನಿಲ್ಲಿಸಿತ್ತು. ಕೈಗೆ ಸಿಗುತ್ತಿದ್ದದ್ದು ಗಿಟಾರಿನ ಆಕಾರದ ಸ್ವಿಚ್ಚುಗಳ ಸಾಲು.

ಗಿಟಾರ್ ವಾದಕ ಅಲನ್ ಹೋಲ್ಡ್ಸ್‌ವರ್ತ್ ಇದಕ್ಕೆ ಅಪವಾದವಲ್ಲವೇ ಎಂದು ಕೇಳಬಹುದು. 1986ರ ‘ಅಟವಾಕ್ರಾನ್’, ಮರುವರ್ಷದ ‘ಸ್ಯಾಂಡ್’ ಧ್ವನಿಮುದ್ರಿಕೆಗಳಲ್ಲಿ ಅವರು ಸಿಂತ್‌ಆಕ್ಸ್‌ನಿಂದ ಹೊರಡಿಸಿದ ಸಂಗೀತ ಬೇರೆ ಯಾವ ವಾದ್ಯದಲ್ಲೂ ಬಂದಿಲ್ಲ. ಆದರೆ ಅವರ ಪರಿಸ್ಥಿತಿಯನ್ನು ಗಮನಿಸಬೇಕು. ಹೋಲ್ಡ್ಸ್‌ವರ್ತ್‌ಗೆ ಮೊದಲಿನಿಂದಲೂ ಆಸೆಯಿದ್ದದ್ದು ಸ್ಯಾಕ್ಸೊಫೋನಿನ ಮೇಲೆ; ಮೀಟುವ ಪೆಟ್ಟು ಕೇಳಿಸದಂತೆ ಸ್ವರಗಳನ್ನು ಉಸಿರಿನಂತೆ ಹರಿಸುವ ಶೈಲಿಯನ್ನು ಅವರು ಗಿಟಾರಿನಲ್ಲೇ ಬೆಳೆಸಿಕೊಂಡಿದ್ದರು. ಸಿಂತ್‌ಆಕ್ಸ್ ಸಿಕ್ಕಾಗ ಅದಕ್ಕೆ ಬಾಯಿಯಿಂದ ಊದುವ ನಿಯಂತ್ರಕವನ್ನು ಜೋಡಿಸಿಕೊಂಡು, ಧ್ವನಿಯ ಏರಿಳಿತವನ್ನು ಉಸಿರಿಗೆ ಒಪ್ಪಿಸಿದರು. ಅಂದರೆ ತಂತಿ ಬಿಟ್ಟುಕೊಟ್ಟದ್ದನ್ನು ಉಸಿರಿನಿಂದ ತುಂಬಿಕೊಂಡರು. ಅವರು ಗೆದ್ದದ್ದು ಸಿಂತ್‌ಆಕ್ಸನ್ನು ಗಿಟಾರ್ ಎಂದು ತಿಳಿದಲ್ಲ, ಗಿಟಾರ್ ಅಲ್ಲದ ಹೊಸ ವಾದ್ಯವೆಂದು ಒಪ್ಪಿಕೊಂಡು. ಅಂಥವರು ತಲೆಮಾರಿಗೆ ಒಬ್ಬರೋ ಇಬ್ಬರೋ.

ಈ ವಾದಕ್ಕೆ ಬರುವ ಗಟ್ಟಿಯಾದ ಆಕ್ಷೇಪ ಭೌತಶಾಸ್ತ್ರದ್ದು. ಮಿಡಿ ಇರಲಿ ಬಿಡಲಿ, 82 ಹರ್ಟ್ಜಿನ ಅಲೆಗೆ ಒಂದು ಸುತ್ತು ಮುಗಿಸಲು 12 ಮಿಲಿಸೆಕೆಂಡ್ ಬೇಕೇ ಬೇಕು. ಅದನ್ನು ಯಾವ ಒಪ್ಪಂದವೂ ತಪ್ಪಿಸಲಾರದು, ಹಾಗಾಗಿ ಕೀಬೋರ್ಡಿನ ಮೇಲೆ ಹೊಣೆ ಹೊರಿಸುವುದು ಸಲ್ಲದು ಎಂಬುದು. ಮೊದಲ ಅರ್ಧ ನಿಜ. ಆದರೆ 12 ಮಿಲಿಸೆಕೆಂಡ್ ಬೇಕಾಗುವುದು ಸ್ವರವನ್ನು ಗುರುತಿಸಲು. ಸದ್ದು ಮಾಡಲು ಅಲ್ಲ. ತಂತಿ ತಾನೇ ಕಾಯುವುದಿಲ್ಲ, ಮೀಟಿದ ಕ್ಷಣದಿಂದ ಸದ್ದು ಮಾಡುತ್ತದೆ. ತಂತಿಯ ಅಲೆಯನ್ನೇ ಕಚ್ಚಾವಸ್ತುವಾಗಿ ತೆಗೆದುಕೊಂಡು ಹೊಸ ಧ್ವನಿ ಕಟ್ಟುವ ಯಂತ್ರಕ್ಕೂ ಕಾಯಬೇಕಾದ ದರ್ದಿಲ್ಲ. 1995ರಲ್ಲಿ ರೋಲ್ಯಾಂಡ್ ತಂದ ವಿಜಿ-8 ಇದನ್ನು ಡಿಜಿಟಲ್ ರೂಪದಲ್ಲೇ ಮಾಡಿ ತೋರಿಸಿತು: ಆರು ತಂತಿಗಳ ಅಲೆಗಳನ್ನು ನೇರವಾಗಿ ಗಣಿತಕ್ಕೊಳಪಡಿಸಿ ಧ್ವನಿ ಬದಲಿಸಿತು, ಮಿಡಿ ಸಂಖ್ಯೆಗಳ ಹಂಗಿಲ್ಲದೆ. ಇನ್ನೊಂದು ಆಕ್ಷೇಪ ಇದರ ಎದುರು ದಿಕ್ಕಿನದು: ಇಷ್ಟು ಸಣ್ಣ ಕಾಲಾವಧಿಗೆ ಇಷ್ಟು ಗಲಾಟೆ ಏಕೆ? ಆಂಪ್ಲಿಫೈಯರಿನಿಂದ 3 ಮೀಟರ್ ದೂರ ನಿಂತು ನುಡಿಸುವವನಿಗೂ ಸದ್ದು ಸುಮಾರು 9 ಮಿಲಿಸೆಕೆಂಡ್ ತಡವಾಗಿಯೇ ಕೇಳುತ್ತದೆ, ಅವನು ದೂರುವುದಿಲ್ಲವಲ್ಲ. ಹೌದು, ಆದರೆ ಆ 9 ಮಿಲಿಸೆಕೆಂಡ್ ಎಲ್ಲ ಸ್ವರಕ್ಕೂ ಒಂದೇ. ಕೈ ಅದಕ್ಕೆ ತನ್ನಷ್ಟಕ್ಕೆ ಹೊಂದಿಕೊಳ್ಳುತ್ತದೆ. ಗಿಟಾರ್-ಮಿಡಿಯ ತಡ ತಂತಿಯಿಂದ ತಂತಿಗೆ, ಮೀಟಿದ ರೀತಿಯಿಂದ ರೀತಿಗೆ ಬದಲಾಗುತ್ತದೆ. ಮಂದ್ರದಿಂದ ತಾರಕ್ಕೆ ಓಡುವ ಒಂದು ಸ್ವರಸಾಲಿನಲ್ಲಿ ಮೊದಲ ಸ್ವರಗಳು ಹಿಂದೆ ಬಿದ್ದು ಕೊನೆಯವು ಮುಂದೆ ಬಂದರೆ ಲಯವೇ ಕದಡುತ್ತದೆ. ಕೈಗೆ ತಾಳಲಾಗದ್ದು ಇಂಥ ಚಂಚಲ ತಡ.

ಗಿಟಾರ್ ವಾದಕರೇ ಹಳೆಯದಕ್ಕೆ ಅಂಟಿಕೊಂಡವರು, ಹೊಸದನ್ನು ಒಪ್ಪಲಿಲ್ಲ ಎಂಬ ಮಾತೂ ಕೇಳಿಬರುತ್ತದೆ. ಇದನ್ನು ನಾನು ಒಪ್ಪಲಾರೆ. 1960ರ ದಶಕದಲ್ಲಿ ಫಝ್ ಪೆಟ್ಟಿಗೆ, ವಾ-ವಾ ಪೆಡಲ್, ಆಮೇಲೆ ಫ್ಲ್ಯಾಂಜರ್, ಡಿಲೇ ಹೀಗೆ ಧ್ವನಿಯನ್ನು ಗುರುತು ಸಿಗದಂತೆ ಬದಲಿಸುವ ಸಾಧನಗಳನ್ನು ಇವರಷ್ಟು ಹಸಿವಿನಿಂದ ಕೊಂಡ ಸಂಗೀತಗಾರರು ಬೇರೆ ಯಾರಿದ್ದಾರೆ? ಆ ಸಾಧನಗಳೆಲ್ಲದರ ಸಮಾನ ಗುಣ ಒಂದೇ: ಅವು ಬೆರಳಿನ ಮಾತನ್ನು ತಡೆಯುವುದಿಲ್ಲ. ಫಝ್‌ನಲ್ಲಿ ಅಲೆಯ ತಲೆ ಕತ್ತರಿಸಿಹೋಗುತ್ತದೆ, ಆದರೆ ಎಳೆದ ತಂತಿ ಎಳೆದಂತೆಯೇ ಕೇಳುತ್ತದೆ. ಗ್ರೇಟ್‌ಫುಲ್ ಡೆಡ್ ತಂಡದ ಜೆರ್ರಿ ಗಾರ್ಸಿಯಾ 1989ರಿಂದ ವೇದಿಕೆಯ ಮೇಲೆ ಮಿಡಿ ಗಿಟಾರಿನಿಂದಲೇ ಕೊಳಲು, ಟ್ರಂಪೆಟ್, ಬಸೂನಿನಂಥ ಧ್ವನಿಗಳನ್ನು ನುಡಿಸಿದರು; ಒಪ್ಪುವ ಮನಸ್ಸಿಗೇನೂ ಕೊರತೆ ಇರಲಿಲ್ಲ. 1986ರ ನಂತರ ರೋಲ್ಯಾಂಡಿನ ಜಿಕೆ ಪಿಕಪ್ಪುಗಳನ್ನು ತಮ್ಮ ಇಷ್ಟದ ಗಿಟಾರಿಗೇ ಅಂಟಿಸಿಕೊಳ್ಳಬಹುದೆಂದಾದಾಗ ಸಾವಿರಾರು ಜನ ಅಂಟಿಸಿಕೊಂಡರು.

ಭಾರತೀಯ ಸಂಗೀತ ಬಲ್ಲವರಿಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರವಾಗುವುದು ಜಾನ್ ಮೆಕ್‌ಲಾಫ್ಲಿನ್ ಮೂಲಕ. ವೀಣೆಯ ಪಾಠ ಹೇಳಿಸಿಕೊಂಡಿದ್ದ ಈ ಬ್ರಿಟಿಷ್ ಗಿಟಾರ್ ವಾದಕ 1976ರ ‘ಇನ್ನರ್ ವರ್ಲ್ಡ್ಸ್’ನಲ್ಲೇ ಗಿಟಾರಿನಿಂದ ಸಿಂತಸೈಜರ್ ನುಡಿಸಿದ್ದರು. ಅದೇ ವರ್ಷಗಳಲ್ಲಿ ಎಲ್. ಶಂಕರ್, ಜಾಕಿರ್ ಹುಸೇನ್, ಟಿ.ಎಚ್. ವಿನಾಯಕರಾಮ್ ಅವರೊಂದಿಗೆ ಕಟ್ಟಿದ ಶಕ್ತಿ ತಂಡಕ್ಕಾಗಿ ಮರದ ಗಿಟಾರೊಂದನ್ನು ಬೇರೆಯೇ ಮಾಡಿಸಿಕೊಂಡರು. ಅದರಲ್ಲಿ ಫ್ರೆಟ್ಟುಗಳ ನಡುವಿನ ಮರವನ್ನು ಗುಳಿಬೀಳುವಂತೆ ಕೆತ್ತಿ ತೆಗೆದಿತ್ತು, ತಂತಿಯನ್ನು ಒತ್ತಿ ಎಳೆದು ಗಮಕ ತರಲು ಜಾಗ ಸಿಗಲಿ ಎಂದು. ಅಡ್ಡಲಾಗಿ ಶ್ರುತಿ ತಂತಿಗಳೂ ಇದ್ದವು. ಮುಂದೆ 1984ರ ‘ಮಹಾವಿಷ್ಣು’ವಿನಲ್ಲಿ ಅವರು ಸಿಂಕ್ಲಾವಿಯರ್ ಎಂಬ ಅತಿ ದುಬಾರಿ ಡಿಜಿಟಲ್ ಯಂತ್ರವನ್ನು ಗಿಟಾರಿನಿಂದ ನುಡಿಸಿದರು. ಒಬ್ಬನೇ ವಾದಕನ ಈ ಎರಡು ಹಾದಿಗಳನ್ನು ಪಕ್ಕಪಕ್ಕ ಇಟ್ಟರೆ ತಂತಿವಾದ್ಯದ ಜೀವ ಎಲ್ಲಿದೆ ಎಂಬುದು ಕಾಣುತ್ತದೆ. ಗಮಕವನ್ನು ಎರಡು ಸ್ಥಿರ ಸ್ವರಗಳು ಮತ್ತು ಅವುಗಳ ನಡುವಿನ ಎಳೆತ ಎಂದು ಒಡೆದು ಬರೆಯಬಹುದು. ಕೇಳಿಸುವುದು ಮಾತ್ರ ಅಖಂಡವಾದ ಒಂದೇ ಚಲನೆ. ತೋಡಿಯ ಗಾಂಧಾರಕ್ಕೆ 0ಯಿಂದ 127ರೊಳಗಿನ ಒಂದು ಸಂಖ್ಯೆ ಕೊಟ್ಟು ಕೈತೊಳೆದುಕೊಳ್ಳಲು ಆಗುವುದಿಲ್ಲ. ಎಲೆಕ್ಟ್ರಾನಿಕ್ ತಂಬೂರಿಯಿಂದ ಮನೆಮಾತಾದ ಬೆಂಗಳೂರಿನ ರಾಡೆಲ್ ಸಂಸ್ಥೆ ಡಿಜಿಟಲ್ ವೀಣೆಯನ್ನು ರೂಪಿಸಲು ಹೊರಟಾಗ ಎದುರಿಸಿದ್ದೂ ಇದೇ ಸವಾಲು: ವೀಣೆಯ ಸದ್ದನ್ನು ಎಲೆಕ್ಟ್ರಾನಿಕ್ಸಿನಲ್ಲಿ ಹುಟ್ಟಿಸಬಹುದು, ಎಡಗೈಯ ಎಳೆತಕ್ಕೆ ಅದು ಒಲಿಯದಿದ್ದರೆ ವೀಣೆ ಆಗುವುದಿಲ್ಲ.

ಮುಂದಿನ ವರ್ಷಗಳ ಬೆಳವಣಿಗೆ ಬೇಗ ಹೇಳಿ ಮುಗಿಸಬಹುದು. ಪ್ರೊಸೆಸರುಗಳು ಚುರುಕಾದವು, ಸ್ವರ ಪತ್ತೆಯ ತಪ್ಪುಗಳು ಕಡಿಮೆಯಾದವು. ಫಿಶ್‌ಮನ್ ಕಂಪನಿಯ ಟ್ರಿಪಲ್‌ಪ್ಲೇ ಕೇಬಲ್ಲಿನ ಹಂಗು ಬಿಡಿಸಿತು. ಸಾಮಾನ್ಯ ಪಿಕಪ್ಪಿನ ಬೆರೆತ ಸದ್ದಿನಿಂದಲೇ ಸ್ವರಗಳನ್ನು ಬಿಡಿಸಿಕೊಳ್ಳುವ ತಂತ್ರಾಂಶಗಳು ಬಂದವು. ಎಲ್ಲಕ್ಕಿಂತ ದೊಡ್ಡ ಸಂಗತಿ 2018ರ ಜನವರಿಯದು. ಪ್ರತಿ ಸ್ವರಕ್ಕೂ ಪ್ರತ್ಯೇಕ ಚಾನೆಲ್ ಕೊಟ್ಟು, ಒಂದೊಂದನ್ನೂ ಬೇರೆಬೇರೆಯಾಗಿ ಎಳೆಯಲು ಅವಕಾಶ ಮಾಡುವ ಎಂಪಿಇ ಎಂಬ ಪದ್ಧತಿಯನ್ನು ಮಿಡಿ ತಯಾರಕರ ಸಂಘ ಅಧಿಕೃತವಾಗಿ ಅಂಗೀಕರಿಸಿತು. ಬೆರಳಿನ ಜಾರುವಿಕೆಯನ್ನು ಬಲ್ಲ ಹೊಸ ಬಗೆಯ ಕೀಬೋರ್ಡುಗಳು ಅದಕ್ಕೆ ಒತ್ತಾಸೆಯಾಗಿದ್ದವು. ಗಿಟಾರ್ ವಾದಕರು ತಂತಿಗೊಂದು ಚಾನೆಲ್ ಎಂದು 80ರ ದಶಕದಲ್ಲೇ ಮಾಡಿಕೊಂಡಿದ್ದ ವ್ಯವಸ್ಥೆಯ ತಿರುಳು ಇದೇ. ಕೀಬೋರ್ಡಿಗೂ ಅದು ಬೇಕಾದಾಗ ನಿಯಮವಾಯಿತು. ಆ ಮಟ್ಟಿಗೆ ತಂತಿಯ ವಾದ ಗೆದ್ದಿದೆ, ತಡವಾಗಿಯಾದರೂ.

ಆದ್ದರಿಂದ ಗಿಟಾರ್ ಸಿಂತಸೈಜರ್ ಸೋತಿತು ಎಂದು ಬರೆಯುವವರು ಯಾವ ಗಿಟಾರ್ ಸಿಂತಸೈಜರ್ ಎಂಬುದನ್ನು ಮೊದಲು ಹೇಳಬೇಕು. ಎಲ್ಲ ಧ್ವನಿಗಳನ್ನೂ ನುಡಿಸಬಲ್ಲೆ ಎಂದು ಬಂದು, ಅದಕ್ಕಾಗಿ ತಂತಿಯನ್ನು ಸ್ವಿಚ್ಚಾಗಿಸಿದ ವಾದ್ಯಗಳು ಬಹುತೇಕ ನಿಂತುಹೋದವು. ತಂತಿಯ ಬೆನ್ನು ಹಿಡಿದು ಒಂದೆರಡು ಧ್ವನಿಗಳನ್ನಷ್ಟೇ ಕೊಟ್ಟ ಜಿಆರ್-300ರ ನಡೆ ಮಾತ್ರ ಉಳಿದುಕೊಂಡಿತು. ಅದರ ತಯಾರಿಕೆ ನಿಂತು ಎಷ್ಟೋ ಕಾಲವಾದ ಮೇಲೆ, 2007ರಲ್ಲಿ, ರೋಲ್ಯಾಂಡ್ ತನ್ನ ವಿಜಿ-99 ಯಂತ್ರದೊಳಗೆ ಆ ನೀಲಿ ಪೆಟ್ಟಿಗೆಯ ನಡೆಯನ್ನು ಡಿಜಿಟಲ್ ರೂಪದಲ್ಲಿ ಮತ್ತೆ ಕಟ್ಟಿ ಮಾರಿತು. ಅದೇ ಕಂಪನಿಯ ಬಾಸ್ ವಿಭಾಗದ ಎಸ್‌ವೈ-1000 ಯಂತ್ರದಲ್ಲೂ ಅದು ಇದೆ.